ಕೂದಲು ಉದುರದ ಟೈರು

ಗಾಲಿ ಇನ್ನೂ ತಿರುಗುತ್ತಲೇ ಇದೆ, ನೆಲ ಬಿಟ್ಟು ಒಂದು ಗೇಣು ಮೇಲೆ, ತನ್ನಷ್ಟಕ್ಕೆ ತಾನು, ಟೈರಿನ ಅಂಗಡಿಯ ಸುಭಾಷ ಜಾಕ್ ಏರಿಸಿದವನು ಅಂಗೈಯಿಂದ ಒಮ್ಮೆ ತಟ್ಟಿ ಒಳಗೆ ಹೋಗಿದ್ದಾನೆ, ಅಷ್ಟಕ್ಕೇ ಇಷ್ಟು ಹೊತ್ತು ತಿರುಗುತ್ತದೆ, ಬೇರಿಂಗ್ ಗಟ್ಟಿಯಾಗಿದೆ, ಬೇರಿಂಗಿನ ಮಾತಲ್ಲ ಈಗ — ಅಣವೀರಪ್ಪ ಪ್ಲಾಸ್ಟಿಕ್ ಸ್ಟೂಲಿನ ತುದಿಯಲ್ಲಿ ಕೂತು ಕಾರಿನ ಆ ಎಡಗಡೆಯ ಮುಂದಿನ ಗಾಲಿಯನ್ನೇ ನೋಡುತ್ತಾನೆ, ಟೈರಿನ ಅಂಚಿನಲ್ಲಿ ಎದ್ದು ನಿಂತ ರಬ್ಬರಿನ ಸಣ್ಣ ಸಣ್ಣ ಕೂದಲು, ಹೊಸ ಟೈರಿಗೆ ಮಾತ್ರ ಇರುವಂಥವು, ತಿರುಗುವಾಗ ಕಾಣುವುದಿಲ್ಲ, ನಿಧಾನವಾದಂತೆ ಒಂದೊಂದೇ ಕಾಣುತ್ತವೆ, ನಿನ್ನೆ ಹುಟ್ಟಿದ ಕರುವಿನ ಕಿವಿಯ ಮೇಲಿದ್ದ ಹಾಗೆ. ಜೂನಿನ ಮೊದಲ ವಾರ, ಸಾಂತಾಕ್ರೂಜಿನ ಹೈವೇ ಬದಿಗೆ ಬೆಳಿಗ್ಗೆ ಹತ್ತಕ್ಕೇ ಬೆವರು ಅಂಗಿಗೆ ಅಂಟುತ್ತದೆ, ಗಾಳಿ ನಿಂತುಹೋಗಿದೆ, ಮೋಡ ಎಮ್ಮೆಯ ಹಾಗೆ ಬಿದ್ದುಕೊಂಡಿದೆ ವಿಮಾನಗಳ ಮೇಲೆ, ಊರಲ್ಲಾದರೆ ರೋಹಿಣಿ ಮುಗಿದು ಮಿರಗ ಹೂಡುವ ಹೊತ್ತು, ಭೀಮಾ ದಂಡೆಯ ಕರೀ ಹೊಲದಲ್ಲಿ ತೊಗರಿ ಬೀಜ ಹಿಡಿದು ಜನ ಆಕಾಶ ನೋಡುತ್ತಾರೆ, ಇಲ್ಲಿ ಅವನು ಟೈರು ನೋಡುತ್ತಾನೆ. ನಾಳೆ ಬೆಳಿಗ್ಗೆ ಏಳಕ್ಕೆ ಹೊರಡಬೇಕು, ಮಳೆ ಹಿಡಿಯುವುದರೊಳಗೆ ಘಾಟು ದಾಟಬೇಕು, ಪುಣೆ, ಅವನು ಕಾರು ಓಡಿಸುವ ಮನೆಯ ಶೀಲಾವತಿ ಅಕ್ಕನ ಮಗಳು ಹರಿಣಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುತ್ತಾಳೆ, ಮಡಿಲಲ್ಲಿ ಮಗು, ಹುಟ್ಟಿ ಎರಡು ತಿಂಗಳ ಮೇಲೆ ಏಳು ದಿನ. ಸುಭಾಷ ಮೊಬೈಲಿನ ಬೆಳಕು ಹಿಡಿದುಕೊಂಡು ಬರುತ್ತಾನೆ, ಸೊಲ್ಲಾಪುರದ ಕಡೆಯವನು, ಕನ್ನಡವನ್ನೂ ಮರಾಠಿಯನ್ನೂ ಒಂದೇ ಬಾಯಲ್ಲಿ ಅಗಿಯುತ್ತಾನೆ, ಕುಕ್ಕರುಗಾಲಲ್ಲಿ ಕೂತು ಗಾಲಿಯನ್ನು ಹಿಡಿದು ನಿಲ್ಲಿಸಿ ಟೈರಿನ ಮಗ್ಗುಲಿಗೆ ಬೆಳಕು ಬಿಡುತ್ತಾನೆ, ಒಂದು ಸಣ್ಣ ಉದ್ದನೆಯ ಚೌಕ, ಅದರಲ್ಲಿ ನಾಲ್ಕು ಅಂಕಿ, ಒಂದು ನಾಲ್ಕು ಒಂದು ಆರು. ಇದು ಯಾವಾಗಿನದು ಭಾವೂ. ಹೊಸದು, ಸ್ಟೆಪ್ನಿ, ನೆಲಾನೇ ಮುಟ್ಟಿದ್ದಿಲ್ಲ, ಕೂದಲ ನೋಡು, ಅನ್ನುತ್ತಾನೆ ಅಣವೀರಪ್ಪ. ಸುಭಾಷ ನಗುವುದಿಲ್ಲ, ಹದಿನಾರನೇ ಇಸ್ವಿ ಹದಿನಾಲ್ಕನೇ ವಾರ, ಅಂದ್ರ ಹತ್ತು ವರ್ಷದ ಹಿಂದ ಯುಗಾದಿ ಆಸುಪಾಸು ಹುಟ್ಟಿದ್ದು, ಅನ್ನುತ್ತಾ ಹೆಬ್ಬೆರಳಿಂದ ಟೈರಿನ ಮಗ್ಗುಲನ್ನು ಒತ್ತುತ್ತಾನೆ, ಒತ್ತಿದಲ್ಲಿ ಸೀಳುಗಳು ಬಾಯಿ ತೆರೆಯುತ್ತವೆ, ಒಂದಲ್ಲ ಎರಡಲ್ಲ, ಕೆರೆ ಒಣಗಿದಾಗಿನ ಮಣ್ಣಿನ ಹಾಗೆ, ಬೆರಳು ಎತ್ತಿದರೆ ಮುಚ್ಚಿಕೊಳ್ಳುತ್ತವೆ, ಏನೂ ಇಲ್ಲದ ಹಾಗೆ. ಇದು ಟೈರಲ್ಲಪ್ಪಾ ಹಪ್ಪಳ, ನಿಮ್ಮ ಅಕ್ಕನ ಹೋಟೆಲಿನ್ಯಾಗ ಕರೀಲಿಕ್ಕ ಕೊಡು. ಇದರ ಮ್ಯಾಲ ಎಷ್ಟು ದಿನ ಓಡಿಸಿದಿ.

ಇಪ್ಪತ್ತೆರಡು ದಿನ. ಬಾಯಲ್ಲಿ ಬಂದದ್ದು ನಾಲ್ಕೈದು ದಿನ ಅಂತ, ಯಾಕೆ ಹಾಗೆ ಬಂತೋ, ಸುಭಾಷನಿಗೆ ಹೇಳಿ ಆಗಬೇಕಾದ್ದೇನಿತ್ತು — ಇಪ್ಪತ್ತೆರಡು ದಿನ, ಲೆಕ್ಕ ಹಾಕುವುದೇ ಬೇಡ, ಆ ಸೋಮವಾರ ಘಾಟ್ಕೋಪರದಲ್ಲಿ ಫುಟ್‌ಪಾತಿನ ಕಲ್ಲಿಗೆ ಉಜ್ಜಿ ಹಳೆಯ ಟೈರಿನ ಮಗ್ಗುಲು ಹರಿದು ಉಸ್ಸೆಂದು ಕೂತುಬಿಟ್ಟಿತ್ತು, ಅವನೊಬ್ಬನೇ ಇದ್ದ, ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಹೊರಗೆ ತೆಗೆದಾಗ ಎಂಥ ಸಮಾಧಾನ, ಮೈತುಂಬ ಕೂದಲು, ಹಲ್ಲು ಪೂರಾ, ಅಕ್ಕನ ಗಂಡ ಚೆನ್ನಯ ಅಣ್ಣ ಕಾರು ತಂದ ವರ್ಷದ್ದು, ಆ ದಸರೆಗೆ ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟವನು ಇವನೇ, ಐದನೆಯದು ಡಿಕ್ಕಿಯ ಕತ್ತಲಲ್ಲಿ ಪೂಜೆಯೂ ಇಲ್ಲದೆ ಮಲಗಿತ್ತು, ನಡುವೆ ಹೊರಗಿನ ನಾಲ್ಕೂ ಒಮ್ಮೆ ಬದಲಾದವು, ಅಣ್ಣ ತೀರಿಕೊಂಡು ಮೂರು ವರ್ಷವಾಯಿತು, ಅದು ಮಾತ್ರ ಮಲಗಿಯೇ ಇತ್ತು. ಸಂಜೆ ಪಾರ್ಲೆಯ ಅಕ್ಕನ ಮನೆಗೆ ಬಂದು ಹೇಳಿದ್ದ, ಅಕ್ಕಾರ ಟೈರು ಹರೀತು ಖರೆ, ಆದರ ಹೊಸದು ತರೋದೇನು ಬ್ಯಾಡ, ನಮ್ಮ ಸ್ಟೆಪ್ನಿ ಕನ್ಯಾದ ಹಾಂಗ ಅದ. ಅಕ್ಕ ನಕ್ಕಿದ್ದಳು, ಬಾಯಿಯ ಮೇಲೆ ಸೆರಗು ಹಿಡಿದು, ನೋಡು ಹರಿಣಿ ಇವನ ಉಪಮೆ, ಮತ್ತೆ ಮುಲುಂಡಿನಲ್ಲಿರುವ ಮಗ ಪ್ರಶಾಂತನಿಗೆ ಫೋನಿನಲ್ಲಿ, ಅಣವೀರಪ್ಪ ಇದ್ದಾನಲ್ಲ, ನನಗೆ ಕಾರಿನ ತಲೆಬಿಸಿಯೇ ಇಲ್ಲ ಮಾರಾಯ, ಬೇರೆ ಡ್ರೈವರ್ ಆದ್ರೆ ಎರಡು ಟೈರು ಹಾಕ್ಸಿ ಬರ್ತಿದ್ದ. ಆ ಮಾತು ಕೇಳಿ ಅವನಿಗೆ ರಾತ್ರಿ ಊಟ ರುಚಿಸಿತ್ತು. ಕೂದಲು ನೋಡಿದ್ದ, ಅಂಕಿ ನೋಡಿರಲಿಲ್ಲ, ನೋಡಬೇಕೆಂದು ಹೊಳೆದೂ ಇರಲಿಲ್ಲ, ಯಾಕೆಂದರೆ — ಅಪ್ಪ. ಅಪ್ಪ ಶರಣಬಸಪ್ಪ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುತ್ತಿದ್ದವನು, ಹಟ್ಟಿಯ ಗೋಡೆಗೆ ಗೂಟ ಬಡಿದು ಹಳಿಗಳನ್ನು ತೂಗುಹಾಕಿರುತ್ತಿದ್ದ, ಐದು ವರ್ಷ, ಎಂಟು ವರ್ಷ, ಮೇಲೆ ಕೋಳಿ ಕೂರುತ್ತಿತ್ತು, ಯಾರಾದರೂ ಗಾಲಿ ತಂದರೆ ಇಳಿಸಿ, ಧೂಳು ಒರೆಸಿ, ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರದ ಗಾಲಿಗೆ ಕೂರಿಸಿ ನೀರು ಸುರಿಯುತ್ತಿದ್ದ, ಚೊಂಯ್ಯೆಂದು ಹೊಗೆ, ಹಳಿ ಮರವನ್ನು ಹಲ್ಲು ಕಚ್ಚಿ ಹಿಡಿಯುತ್ತಿತ್ತು, ದುಡೀಲಾರದ ಕಬ್ಬಿಣಕ್ಕ ಮುಪ್ಪಿಲ್ಲೋ ತಮ್ಮಾ, ಅನ್ನುತ್ತಿದ್ದ. ಓಡಿದರೆ ಸವೆಯುತ್ತದೆ, ಓಡದಿದ್ದರೆ ಹೊಸದು, ಅದು ಅವನ ಎಲುಬಿನಲ್ಲಿ ಕೂತ ಲೆಕ್ಕ. ರಬ್ಬರು ಮಲಗಿದಲ್ಲೇ ಮುಪ್ಪಾಗುತ್ತದೆ ಅಂತ ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವನಿಗೆ ಗೊತ್ತಿರಬೇಕಿತ್ತು, ಗೊತ್ತಿತ್ತು ಕೂಡ, ಕೇಳಿದ್ದ, ಎಲ್ಲೋ, ಯಾರ ಬಾಯಲ್ಲೋ, ಎಲುಬಿಗೆ ಇಳಿದಿರಲಿಲ್ಲ — ಮೂರನೆಯ ದಿನವೇ ಅಲ್ಲವೇ ಮುಲುಂಡಿನ ಡಾಕ್ಟರಲ್ಲಿಗೆ ಹೋದದ್ದು, ಮಗುವಿನ ಸೂಜಿಗೆ, ಕನ್ನಡಿಯಲ್ಲಿ ಟೋಪಿ ಜಾರಿದ ನೆತ್ತಿ — ಬೇಡ, ಅದು ಬೇಡ ಈಗ.

ಸುಭಾಷ ಮೂರು ಟೈರುಗಳನ್ನು ಉರುಳಿಸಿಕೊಂಡು ಬಂದು ಮುಂದೆ ನಿಲ್ಲಿಸುತ್ತಾನೆ, ಸಂತೆಯಲ್ಲಿ ಹೋರಿ ನಿಲ್ಲಿಸಿದ ಹಾಗೆ. ಇದು ಗಟ್ಟಿ, ಟ್ಯಾಕ್ಸಿಯವರು ಒಯ್ತಾರ, ಅರವತ್ತು ಸಾವಿರ ಕಿಲೋಮೀಟರ್ ತಿರುಗಿ ನೋಡಬ್ಯಾಡ, ಆದರ ಮಳ್ಯಾಗ ಕಲ್ಲಿನಂಗ ಜಾರತದ. ಇದು ಮೆತ್ತಗ, ನೀರಿದ್ದರೂ ರೋಡ್ ಕಚ್ಚತದ, ಲಗೂನ ಸವೀತದ. ಇದು ಹೊರಗಿನ ದೇಶದ್ದು, ನಿಮ್ಮ ಪ್ರಶಾಂತ ಸೇಠಗ ಹೇಳಬ್ಯಾಡ, ರೇಟು ಕೇಳಿದರ ಬಿ.ಪಿ. ಏರತದ. ಅಣವೀರಪ್ಪ ಮೆತ್ತಗಿನದರ ಮೇಲೆ ಕೈ ಆಡಿಸುತ್ತಾನೆ, ಹೊಸ ರಬ್ಬರಿನ ವಾಸನೆ, ಕೂದಲು ಅಂಗೈಗೆ ಚುಚ್ಚುತ್ತದೆ, ಈಗ ಕೂದಲು ಕಂಡರೇ ಮೈ ಉರಿಯುತ್ತದೆ, ಬಗ್ಗಿ ಅಂಕಿ ಹುಡುಕುತ್ತಾನೆ, ಸಿಗುವುದಿಲ್ಲ, ಆಚೆ ಮಗ್ಗುಲಲ್ಲಿದೆ, ತಿರುಗಿಸುತ್ತಾನೆ, ಈ ವರ್ಷದ ಆರನೇ ವಾರ, ಓದಿದ್ದು ಸರಿಯೇ ಅಂತ ಬೆರಳಿಟ್ಟು ಮತ್ತೆ ಓದುತ್ತಾನೆ. ಎಷ್ಟು ಹಾಕಲಿ, ಎರಡೋ ನಾಲ್ಕೋ. ಅದೇ, ಅಲ್ಲೇ ಬಂದು ನಿಂತಿದೆ ಎಲ್ಲವೂ. ಪ್ರಶಾಂತ ಬೆಳಿಗ್ಗೆ ಲೋಕಲ್ಲಿನ ಗದ್ದಲದೊಳಗಿಂದ ಫೋನು ಮಾಡಿದ್ದ, ಅಣವೀರ್ ಅಣ್ಣಾ, ಸಿರ್ಫ್ ದೋ ಹಾಕ್ಸಿ, ಮುಂದಿಂದು ಮಾತ್ರ, ನೆಕ್ಸ್ಟ್ ಇಯರ್ ಗಾಡಿ ಬೇಚ್‌ನಾ ಹೀ ಹೈ ಅಲ್ವಾ, ಮಾರೋ ಗಾಡಿಗೆ ಎರಡು ಸಾಕು. ಎರಡು ಅಂದರೆ ಮುಂದೆ ಎರಡು ಹೊಸದು, ಈ ಹಪ್ಪಳ ಸದ್ದಿಲ್ಲದೆ ಡಿಕ್ಕಿಗೆ ವಾಪಸ್ಸು, ಚಾಪೆಯ ಕೆಳಗೆ, ಯಾರೂ ಕೇಳುವುದಿಲ್ಲ, ಅಕ್ಕನ ಬಾಯಲ್ಲಿ ಅವನು ಮೊದಲಿನ ಅಣವೀರಪ್ಪನೇ. ಆದರೆ ಹಿಂದಿನವು — ಸುಭಾಷ ಹಿಂದಿನ ಗಾಲಿಯ ಹಲ್ಲುಸಂದಿಗೆ ಒಂದು ರೂಪಾಯಿ ನಾಣ್ಯ ತುರುಕಿ ತೋರಿಸಿದ್ದಾನೆ, ಮುಕ್ಕಾಲು ನಾಣ್ಯ ಹೊರಗೇ — ಘಾಟಿನ ತಿರುವು, ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆದ್ದು ಸಾಬೂನಿನ ಹಾಗಾಗಿರುತ್ತದೆ, ಮುಂದಿನ ಎರಡು ಹಿಡಿದು ಹಿಂದಿನ ಎರಡು ಜಾರಿದರೆ ಕಾರು ಬಾಲ ಬೀಸುತ್ತದೆ, ನೋಡಿದ್ದಾನೆ ಅವನು, ಖಂಡಾಲಾದ ಇಳಿಜಾರಿನಲ್ಲಿ ಒಂದು ಕೆಂಪು ಕಾರು ಹಾಗೇ ತಿರುಗಿ ಬಂದ ದಾರಿಯನ್ನೇ ನೋಡುತ್ತಾ ನಿಂತಿತ್ತು, ಒಳಗಿದ್ದವರು ಬದುಕಿದ್ದರು. ನಾಲ್ಕು ಅಂದರೆ ಪ್ರಶಾಂತನ ಮಾತು ಮೀರಿ ಅಕ್ಕನನ್ನು ಕೇಳಬೇಕು, ಅಕ್ಕ ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ, ಹೋಟೆಲಿನ ಅಡುಗೆಮನೆಯಲ್ಲಿ ಎಷ್ಟು ತೆಂಗಿನಕಾಯಿ ಒಡೆದರು ಅಂತ ಚಿಪ್ಪು ಎಣಿಸಿ ಹೇಳುತ್ತಿದ್ದವಳು, ನಾಲ್ಕು ಯಾಕೆ, ಒಂದು ಹೊಸದೇ ಉಂಟಲ್ಲ ಅನ್ನುತ್ತಾಳೆ. ಆಗ?

ಆಗ ಅಪ್ಪನ ಹಾಗೆ ನಿಲ್ಲಬೇಕಾಗುತ್ತದೆ, ಬಿಸಿಲಲ್ಲಿ, ಎಲ್ಲರ ಎದುರಿಗೆ. ಅವನಿಗಾಗ ಹನ್ನೊಂದೋ ಹನ್ನೆರಡೋ, ಒಂದು ಬೆಳಿಗ್ಗೆ ಅಪ್ಪ ಹಾಸಿಗೆಯಿಂದ ಎದ್ದವನೇ ನಿನ್ನೆ ಕೊಟ್ಟ ಗಾಲಿಯ ಬೆಸುಗಿ ಹಸಿ ಉಳಿದಂಗದ ಅಂದ, ಮುಖ ತೊಳೆಯಲಿಲ್ಲ, ಅವ್ವ ಕೊಟ್ಟ ರೊಟ್ಟಿ ಮುಟ್ಟಲಿಲ್ಲ, ಮಗನನ್ನು ಕರೆದುಕೊಂಡು ಮೂರು ಹರದಾರಿ ನಡೆದ, ಆ ಊರಲ್ಲಿ ಮದುವೆಯ ದಿಬ್ಬಣ ಹೊರಡುವುದರಲ್ಲಿತ್ತು, ಬಂಡಿಗೆ ಬಾಳೆಕಂಬ ಕಟ್ಟಿ ಹೆಂಗಸರು ಹತ್ತಿ ಕೂತಿದ್ದರು, ಅಪ್ಪ ಎತ್ತಿನ ಮುಂದೆ ನಿಂತುಬಿಟ್ಟ, ನನ್ನ ಬೆಸುಗಿ ಸುಳ್ಳದ, ಬಂಡಿ ಹೂಡಬ್ಯಾಡ್ರಿ. ಗಂಡಿನ ಸೋದರಮಾವ ಬೈದ, ಹೆಂಗಸರು ಇಳಿಯುತ್ತಾ ಶಪಿಸಿದರು, ಯಾರೋ ಕುಡುದಾನೇನೋ ಕಂಬಾರ ಅಂದರು, ಅಪ್ಪ ಗಾಲಿ ಕಳಚಿ ಹಳಿಯನ್ನು ಸುತ್ತಿಗೆಯಿಂದ ಬಡಿದ, ಒಂದು, ಎರಡು, ಹತ್ತು ಸಲ ಬಡಿದರೂ ಬೆಸುಗೆ ಬಿಡಲಿಲ್ಲ, ಗಟ್ಟಿಯೇ ಇತ್ತು. ಜನ ನಕ್ಕರು. ಅಪ್ಪನ ಮುಖದಲ್ಲಿ ಮಾತ್ರ ಎಂಥದೋ ಒಂದು ಹಗುರ, ಬೆವರು ಒರೆಸಿಕೊಂಡು, ನಡಿ ತಮ್ಮಾ ಹಸಿವ್ಯಾಗ್ಯದ ಅಂದ, ಅಣವೀರಪ್ಪನಿಗೆ ಆಗ ನೆಲ ಬಾಯಿ ಬಿಡಲಿ ಅನ್ನಿಸಿತ್ತು, ದಾರಿಯುದ್ದಕ್ಕೂ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಒಂದು ಸುಗ್ಗಿಯ ತನಕ ಆ ಕಡೆಯ ಊರುಗಳಿಂದ ಗಾಲಿ ಬರಲಿಲ್ಲ — ಅದೇ ಅವನನ್ನು ಮುಂಬೈಗೆ ದೂಡಿತು ಅಂತ ಹೇಳಿಕೊಳ್ಳುತ್ತಾನೆ, ಅದಲ್ಲ, ಟ್ರ್ಯಾಕ್ಟರು ಬಂತು, ಬಂಡಿಗಳಿಗೂ ರಬ್ಬರಿನ ಗಾಲಿ ಬಂತು, ಅಷ್ಟೇ. ರಬ್ಬರು. ಹೆಬ್ಬೆರಳು ಒತ್ತಿದರೆ ಬಾಯಿ ತೆರೆಯುವ ರಬ್ಬರು — ಮುಲುಂಡಿಗೆ ಹೋದ ಆ ಬೆಳಿಗ್ಗೆ ಅಕ್ಕ ಬರಲಿಲ್ಲ, ಮಂಡಿನೋವು, ಹರಿಣಿ ಒಬ್ಬಳೇ ಹಿಂದಿನ ಸೀಟಿನಲ್ಲಿ, ಅಂಕಲ್ ಪ್ಲೀಸ್ ಎ.ಸಿ. ಸ್ವಲ್ಪ ಕಮ್ ಮಾಡಿ, ಪಾಪುಗೆ ಥಂಡಿ ಆಗುತ್ತೆ, ಅಂದವಳು ವಿಕ್ರೋಳಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು, ರಾತ್ರಿಯೆಲ್ಲ ಮಗು ಎಚ್ಚರವಿರುತ್ತದೆ, ತಲೆ ಕಿಟಕಿಗೆ ಆನಿಕೊಂಡು, ಬಾಯಿ ಸ್ವಲ್ಪ ತೆರೆದು, ಎದೆಯ ಮೇಲೆ ಮಗು, ಅವನು ಕನ್ನಡಿಯನ್ನು ಸ್ವಲ್ಪ ಕೆಳಗೆ ಬಾಗಿಸಿಕೊಂಡಿದ್ದ, ಮಗುವನ್ನು ನೋಡಲೆಂದೇ, ನೂಲಿನ ಟೋಪಿ ಜಾರಿತ್ತು, ನೆತ್ತಿಯ ಮೇಲೆ ಎಳೆಯ ಕೂದಲು, ಅದರ ನಡುವೆ ಎಲುಬು ಇನ್ನೂ ಕೂಡದ ಜಾಗ, ಮೆತ್ತಗೆ ಏಳುತ್ತಿತ್ತು, ಇಳಿಯುತ್ತಿತ್ತು, ಬೆಳಗಿನ ಬಿಸಿಲು ಅದರ ಮೇಲೆಯೇ ಬಿದ್ದಿತ್ತು, ಫ್ಲೈಓವರ್ ಖಾಲಿ ಇತ್ತು, ಖಾಲಿ ಇತ್ತು ಅಂತ — ಯಾಕೆ ಅಲ್ಲಿಗೇ ಹೋಗುತ್ತದೆ ಈ ಮನಸ್ಸು, ಕಟ್ಟಿದ ಗೂಟ ಸುತ್ತುವ ಕರುವಿನ ಹಾಗೆ.

ಫೋನು ಹಚ್ಚಿದ್ದಾನೆ, ಯಾವಾಗ ಹಚ್ಚಿದನೋ, ಆ ಕಡೆ ಅಕ್ಕನ ಧ್ವನಿ, ಹಿಂದೆ ಕುಕ್ಕರಿನ ಸೀಟಿ, ಎಂತ ಆಯ್ತು ಅಣವೀರಪ್ಪ, ಮುಗೀತಾ. ಇಲ್ರಿ ಅಕ್ಕಾರ, ನಾಲ್ಕೂ ಹಾಕಸಬೇಕಾಗ್ತದ, ಹಿಂದಿನವು ಸವದಾವ, ಘಾಟಿನ್ಯಾಗ ಮಳಿ ಹತ್ತಿದರ ಕಠಿಣ, ಪ್ರಶಾಂತಣ್ಣ ಎರಡು ಅಂದಾರ. ಅವನು ಕಾಯುತ್ತಾನೆ, ಈಗ ಕೇಳುತ್ತಾಳೆ, ಕೇಳಲಿ, ಕೇಳಿದರೆ ಹೇಳಿಬಿಡುತ್ತೇನೆ, ಕೇಳದೆ ಹ್ಯಾಗೆ ಹೇಳುವುದು — ಪ್ರಶಾಂತನಿಗೆಂತ ಗೊತ್ತುಂಟು ಮಾರಾಯ, ಅವ ಲೋಕಲ್ಲಿನಲ್ಲಿ ಹೋಗುವವ, ನೀನು ನಾಲ್ಕು ಅಂದ್ರೆ ನಾಲ್ಕು, ಪಾಪು ಕೂತ್ಕೊಳ್ಳುವ ಗಾಡಿ, ಹಾಕ್ಸು. ಮುಗಿಯಿತು. ಕೇಳಲೇ ಇಲ್ಲ. ಬೆನ್ನಿನಿಂದ ಏನೋ ಇಳಿದ ಹಾಗೆ, ಸುಭಾಷನಿಗೆ ನಾಲ್ಕು ಬೆರಳು ಎತ್ತಿ ತೋರಿಸುತ್ತಾನೆ, ಸುಭಾಷ ಮೆತ್ತಗಿನದನ್ನು ಕಾಲಿಂದ ತಟ್ಟಿ ಹುಬ್ಬು ಏರಿಸುತ್ತಾನೆ, ಹೌದು ಅದೇ, ಇಡಲೇನ್ರಿ ಅಕ್ಕಾರ ಅನ್ನುವಷ್ಟರಲ್ಲಿ — ಹೇ, ನಿಲ್ಲು ನಿಲ್ಲು, ಆ ಹೊಸ ಸ್ಟೆಪ್ನಿ ಇದೆಯಲ್ಲ, ಅದನ್ನು ಅಂಗಡಿಯವನಿಗೆ ಬಿಟ್ಟು ಬರಬೇಡ, ಪ್ರಶಾಂತನ ಗಾಡಿಗೂ ಅದೇ ಸೈಜ್ ಅಂತೆ, ಅವನ ಸ್ಟೆಪ್ನಿ ಪೂರಾ ಬೋಳು, ಡಿಕ್ಕಿಯಲ್ಲಿ ಹಾಕ್ಕೊಂಡು ಬಾ, ಅವನಿಗೆ ಆಗ್ತದೆ. ಹೈವೇ ಮೇಲೆ ಬಸ್ಸೊಂದು ಹಾರ್ನು ಹಾಕಿ ಹೋಗುತ್ತದೆ. ತೆಗೆದುಕೊಂಡು ಹೋಗಬಹುದು, ಸುಳ್ಳು ಹೇಳಬಹುದು, ಕಲ್ಲು ಹೊಡೆದು ಹಾಳಾತು ಅನ್ನಬಹುದು, ಇಲ್ಲೇ ಸುಭಾಷನ ಬ್ಲೇಡಿನಿಂದ ಒಂದು ಸಲ ಎಳೆದರೆ ಖರೆಯೇ ಆಗುತ್ತದೆ, ಅಕ್ಕ ನಂಬುತ್ತಾಳೆ, ಅವಳು ನಂಬುವುದೇ ಈಗ ಎದೆಯ ಮೇಲೆ ಕಲ್ಲು — ಎತ್ತಿನ ಮುಂದೆ ಅಪ್ಪ, ಬಾಳೆಕಂಬ, ಇಳಿಯುತ್ತಿರುವ ಹೆಂಗಸರ ಹಸಿರು ಬಳೆ — ಅಕ್ಕಾರ, ಅದು ಹೊಸದಲ್ರಿ. ಎಂತದ್ದು? ಆ ಸ್ಟೆಪ್ನಿ, ಹತ್ತು ವರ್ಷದ ಹಿಂದಿಂದದ, ಕೂದಲ ನೋಡಿ ನಾ ಮೋಸ ಹೋದೆ, ತಾರೀಖು ನೋಡಲಿಲ್ಲ, ಒಳಗ ಪೂರಾ ಸೀಳ್ಯಾದ, ಯಾವಾಗ ಬೇಕಾದ್ರ ಒಡೀತಿತ್ತಂತ, ತಪ್ಪು ನಂದು, ಪ್ರಶಾಂತಣ್ಣಗ ಕೊಡೋದು ಬ್ಯಾಡ್ರಿ.

ಕುಕ್ಕರ್ ಇನ್ನೊಂದು ಸೀಟಿ ಹಾಕುತ್ತದೆ. ದೂರದಲ್ಲಿ ಮಗುವಿನ ಬಿಕ್ಕಳಿಕೆ, ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಅಕ್ಕ ಒಲೆಯ ಹತ್ತಿರದಿಂದ ಪಡಸಾಲೆಗೆ ನಡೆದಿರಬೇಕು, ತೊಟ್ಟಿಲ ಹತ್ತಿರ, ಮಂಡಿ ಎಳೆಯುವ ಸದ್ದು ಕೇಳುತ್ತದೆ. ಬೈಯಲಿ, ಬೈದರೆ ಒಳ್ಳೆಯದು, ನಾಳೆಯಿಂದ ಬರಬೇಡ ಅನ್ನಲಿ, ಹೆಂಡತಿ ನೀಲಾಬಾಯಿಗೆ ಹೇಳಿದರಾಯಿತು, ಹದಿನೆಂಟು ವರ್ಷ ಸಾಕು ಅಂತ ಹೇಳಿದರಾಯಿತು. ಪಾಪುವನ್ನು ಡಾಕ್ಟರಲ್ಲಿಗೆ ಕರ್ಕೊಂಡು ಹೋದ್ದು ಅದರಲ್ಲೇ ಅಲ್ವಾ — ಅಕ್ಕನ ಧ್ವನಿ ಸಣ್ಣಗಾಗಿದೆ, ಮಗುವಿಗೆ ಕೇಳಬಾರದು ಎಂಬಂತೆ. ಹೌದ್ರಿ. ಸುಭಾಷ ನಟ್ಟು ಬಿಚ್ಚುವ ಗನ್ನು ಎತ್ತಿದವನು ಅವನ ಮುಖ ನೋಡಿ ಕೆಳಗಿಡುತ್ತಾನೆ. ಅಣವೀರಪ್ಪ, ಅನ್ನುತ್ತಾಳೆ ಅಕ್ಕ, ಅವತ್ತು ನೀನು ಮೆಲ್ಲ ಹೋದದ್ದು ಅಲ್ವಾ, ಪಾಪು ಉಂಟು ಅಂತ. ಅದು ಕೇಳುವ ಧ್ವನಿಯಲ್ಲ, ಕತ್ತಲಲ್ಲಿ ಗೋಡೆ ಹುಡುಕುವವರು ಕೈ ಚಾಚಿದ ಹಾಗೆ, ಒಂದು ಗೋಡೆ ಬೇಕು ಅವಳಿಗೆ, ಸಾಕು ಅಷ್ಟು. ಹೌದ್ರಿ ಅಕ್ಕಾರ, ಮೆಲ್ಲಕ ಹೋಗಿದ್ದೆ. ಹಾಂ, ಅಂತ ಒಂದು ಉದ್ದನೆಯ ಉಸಿರು ಬಿಡುತ್ತಾಳೆ, ಹಾಗಾದ್ರೆ ಆಯ್ತು, ದೇವರು ದೊಡ್ಡವ, ಮನುಷ್ಯ ಅಂದ ಮೇಲೆ ತಪ್ಪು ಬರ್ತದೆ, ನೀನಾದ್ದಕ್ಕೆ ಹೇಳಿದಿ, ಬಂದು ಊಟ ಮಾಡು, ನಮಗೆ ಮೀನು, ನಿನಗೆ ಅಂತ ಬಸಳೆ ಬೇರೆ ಮಾಡಿ ಇಟ್ಟಿದ್ದೇನೆ. ಫೋನು ಕತ್ತಲಾಗುತ್ತದೆ, ಅದರ ಗಾಜಿನಲ್ಲಿ ಮೋಡ.

ಕೊಯ್ದು ಒಗೀಲೇನು ಭಾವೂ, ಇಲ್ಲಾಂದ್ರ ಯಾರರೆ ಪಾಲಿಶ್ ಹಚ್ಚಿ ಮತ್ತ ಮಾರತಾರ, ಅನ್ನುತ್ತಾನೆ ಸುಭಾಷ, ಅವನು ತಲೆಯಾಡಿಸುತ್ತಾನೆ, ಬ್ಲೇಡು ಟೈರಿನ ಮಗ್ಗುಲಲ್ಲಿ ಇಳಿಯುತ್ತದೆ, ಹಳೆಯ ಚಪ್ಪಲಿ ಹರಿದಂಥ ಸದ್ದು, ಎಷ್ಟು ಸಲೀಸು, ಹಲ್ಲಿಲ್ಲದ ಮುದುಕನ ಬಾಯಿಯ ಹಾಗೆ ತೆರೆದುಕೊಳ್ಳುತ್ತದೆ, ಕೂದಲು ಮಾತ್ರ ಉದುರುವುದಿಲ್ಲ. ನಾಲ್ಕು ಹೊಸವು ಸಾಲಾಗಿ ನಿಂತಿವೆ, ಅವನು ಒಂದೊಂದರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ಅಂಕಿ ಓದುತ್ತಾನೆ, ಆರನೇ ವಾರ, ಆರನೇ ವಾರ, ಎಂಟನೇ ವಾರ, ಆರನೇ ವಾರ, ನಾಲ್ಕೂ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬರುತ್ತಾನೆ, ಸುಭಾಷ ಏನೋ ತಮಾಷೆ ಮಾಡುತ್ತಾನೆ, ಪರೀಕ್ಷೆಗೆ ಓದಾಕ ಹತ್ತಿಯೇನು, ಅಪ್ಪ ಹತ್ತು ಸಲ ಬಡಿದಿದ್ದ, ಬೆಸುಗೆ ಬಿಡಲಿಲ್ಲ, ಬೆವರು ಒರೆಸಿಕೊಂಡು ಹಸಿವ್ಯಾಗ್ಯದ ಅಂದಿದ್ದ, ಅವನಿಗೆ ಹಸಿವಿಲ್ಲ, ಬಸಳೆಯ ಹೆಸರು ಕೇಳಿಯೂ ಹಸಿವಿಲ್ಲ, ಮೊದಲ ಹನಿ ಅಂಗಡಿಯ ತಗಡಿನ ಮೇಲೆ ಬೀಳುತ್ತದೆ, ದಪ್ಪ ಹನಿ, ಇನ್ನೊಂದು, ಅವತ್ತು ಹರಿಣಿ ನಿದ್ದೆಯಲ್ಲಿದ್ದಳು, ಅವಳಿಗೆ ಗೊತ್ತಿಲ್ಲ, ಅಕ್ಕನಿಗೆ ಗೊತ್ತಾಗುವುದಿಲ್ಲ, ಫ್ಲೈಓವರ್ ಖಾಲಿ ಇತ್ತು, ಹೊಸ ಟೈರೆಂಬ ಹಮ್ಮು ಕಾಲಿನ ಹೆಬ್ಬೆರಳಿಗೆ ಇಳಿದಿತ್ತು, ಬೆಣ್ಣೆಯ ಹಾಗೆ ಓಡುತ್ತಿದೆ ನೋಡು ಅಂತ ತನಗೇ ಹೇಳಿಕೊಂಡು ಒತ್ತಿದ್ದ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸ್ಪೀಡಿನ ಮುಳ್ಳು ತೊಂಬತ್ತು ದಾಟಿ ತೊಂಬತ್ತೈದರ ಮೇಲೆ ನಡುಗುತ್ತಾ ನಿಂತಿತ್ತು, ಕನ್ನಡಿಯಲ್ಲಿ ಟೋಪಿ ಜಾರಿದ ನೆತ್ತಿ, ಬಿಸಿಲು, ಎಲುಬು ಕೂಡದ ಆ ಮೆತ್ತನೆಯ ಜಾಗ, ಏಳುತ್ತದೆ, ಇಳಿಯುತ್ತದೆ, ಮುಳ್ಳು ತೊಂಬತ್ತೈದು, ಏಳುತ್ತದೆ, ಇಳಿಯುತ್ತದೆ —